ಆಕರ ಮತ್ತು ನನ್ನ ಮಾತು: ಮಹಾಪ್ರಬಂಧ ಬರೆದ ಅನುಭವ

ಹಾಸನ ಜಿಲ್ಲೆಯ ಶಾಸನಗಳನ್ನು ಕುರಿತು ಮಹಾಪ್ರಬಂಧ ಸಿದ್ಧಪಡಿಸುವಾಗ, ಯಾವ ಮಾತಿಗೆ ಆಕರವನ್ನು ಹೇಳಬೇಕು, ಯಾವುದಕ್ಕೆ ಬೇಕಿಲ್ಲ ಎಂಬುದು ನನಗೆ ಸ್ಪಷ್ಟವಾದದ್ದು ಹಲ್ಮಿಡಿ ಶಾಸನದ ಅಧ್ಯಾಯದಲ್ಲಿ. ಹಲ್ಮಿಡಿ ಬೇಲೂರು ತಾಲ್ಲೂಕಿನ ಊರು ಎಂಬುದು ಎಲ್ಲರೂ ಬಲ್ಲ ಸಂಗತಿಯಾದ್ದರಿಂದ ಅದಕ್ಕೆ ಅಡಿಟಿಪ್ಪಣಿ ಅನಗತ್ಯ. ಆದರೆ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ, ಸುಮಾರು ಕ್ರಿ.ಶ. 450 ಎಂಬುದು ಲಿಪಿ, ಭಾಷೆಗಳನ್ನು ಪರಿಶೀಲಿಸಿ ವಿದ್ವಾಂಸರು ಮಾಡಿದ ನಿರ್ಣಯ, ಅದನ್ನು ಒಪ್ಪದವರೂ ಇದ್ದಾರೆ. ಹಾಗಾಗಿ ಅಲ್ಲಿ ನಿರ್ಣಯ ಯಾರದೆಂದು ಹೇಳಲೇಬೇಕು. ಕಲ್ಲಿನ ಬರಹ ಯಾರ ಸ್ವತ್ತೂ ಅಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಆದರೆ ಸವೆದ ಅಕ್ಷರವನ್ನು ಓದಿ, ಪದ ಬಿಡಿಸಿ, ಅರ್ಥ ಹಚ್ಚಿದ್ದು ಸಂಪಾದಕರ ವರ್ಷಗಟ್ಟಲೆಯ ದುಡಿಮೆ. ಅವರು ಹಾಗೆ ಓದಿ ಕೊಟ್ಟ ಶಾಸನಪಾಠವನ್ನು ಬಳಸಿ ಅವರ ಹೆಸರನ್ನು ಬಿಡುವುದು ನನ್ನ ದೃಷ್ಟಿಯಲ್ಲಿ ಕೃತಿಚೌರ್ಯವೇ.

ಇದಕ್ಕಾಗಿ ಟಿಪ್ಪಣಿ ಪುಸ್ತಕದ ಎಡಪುಟದಲ್ಲಿ ಆಕರದ ಮಾತನ್ನು ಉದ್ಧರಣ ಚಿಹ್ನೆಯೊಳಗೆ, ಸಂಪುಟ ಮತ್ತು ಪುಟಸಂಖ್ಯೆಗಳ ಸಹಿತ ಬರೆದುಕೊಳ್ಳುತ್ತಿದ್ದೆ. ಆಕರ ಗ್ರಂಥವನ್ನು ಮುಚ್ಚಿಟ್ಟ ಮೇಲಷ್ಟೇ ಬಲಪುಟದಲ್ಲಿ ನನ್ನ ಗ್ರಹಿಕೆಯನ್ನು ಬರೆಯುತ್ತಿದ್ದೆ. ಪದಗಳನ್ನಷ್ಟೇ ಬದಲಿಸಿ ವಾಕ್ಯದ ಕಟ್ಟು, ವಾದದ ಸರಣಿಗಳನ್ನು ಹಾಗೆಯೇ ಉಳಿಸಿಕೊಳ್ಳುವ ಅಭ್ಯಾಸಕ್ಕೆ ಇದರಿಂದ ಅವಕಾಶವೇ ಇರಲಿಲ್ಲ. ಒಬ್ಬರ ಗ್ರಂಥದಲ್ಲಿ ಮತ್ತೊಬ್ಬರ ಮಾತು ಕಂಡರೆ ಮೂಲವನ್ನು ಹುಡುಕಿ ಓದುತ್ತಿದ್ದೆ, ಸಿಗದಿದ್ದರೆ ಯಾರ ಮೂಲಕ ತಿಳಿಯಿತೆಂದು ಹೇಳುತ್ತಿದ್ದೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಮಹಾಪ್ರಬಂಧದಲ್ಲಿ ಬೇರೆಯವರ ಬರಹದೊಡನೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇ. 40ರವರೆಗಾದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು, ಶೇ. 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಸರಿಯಾಗಿ ಆಕರ ಸೂಚಿಸಿದ ಉದ್ಧರಣೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕರ್ನಾಟಕದ ಶಾಸನಗಳನ್ನು ಸಂಪಾದಿಸಿದ ಬಿ. ಎಲ್. ರೈಸ್ ಅವರ ಇಂಗ್ಲಿಷ್ ವಿವರಣೆಯನ್ನು ಕನ್ನಡಕ್ಕೆ ತಂದು ಸ್ವಂತದ್ದೆಂಬಂತೆ ಬರೆದರೆ, ಪದಗಳನ್ನು ಹೋಲಿಸಿ ನೋಡುವ ತಂತ್ರಾಂಶಕ್ಕೆ ಅದು ಸುಲಭವಾಗಿ ಸಿಕ್ಕುವುದಿಲ್ಲ. ಕನ್ನಡದಲ್ಲಿ ಸಂಶೋಧನೆ ಮಾಡುವವರು ಅತ್ಯಂತ ಎಚ್ಚರದಿಂದಿರಬೇಕಾದ ಜಾಗ ಇದೇ. ಈ ಕಾರಣಕ್ಕೆ ಅನುವಾದಿಸಿದ ಪ್ರತಿ ಸಾಲಿನ ಕೊನೆಗೂ 'ಅನುವಾದ ನನ್ನದು' ಎಂಬ ಸೂಚನೆಯೊಡನೆ ಮೂಲದ ಪುಟಸಂಖ್ಯೆಯನ್ನು ಕೊಟ್ಟೆ. ಈಗ ವಿದ್ಯಾರ್ಥಿಗಳು ಅಧ್ಯಾಯ ತಂದಾಗ ಹೋಲಿಕೆಯ ವರದಿಗಿಂತ ಮೊದಲು ಅವರ ಟಿಪ್ಪಣಿ ಪುಸ್ತಕವನ್ನು ನೋಡುತ್ತೇನೆ.