ಓಡುವಾಗ ಹೆಜ್ಜೆ ಎಲ್ಲಿ ಬೀಳುತ್ತಿದೆ? ಫೋನ್‌ನಲ್ಲೇ ನೋಡಿಕೊಳ್ಳಿ

ಕಬ್ಬನ್ ಪಾರ್ಕ್‌ನಲ್ಲಿ ಬೆಳಿಗ್ಗೆ ಓಡುವ ಬಹುಪಾಲು ಜನರ ಹಿಮ್ಮಡಿಯೇ ಮೊದಲು ನೆಲ ಮುಟ್ಟುತ್ತದೆ. ಹೀಗೆ ಓಡಿದರೆ ಮಂಡಿಗೆ ಕೆಲಸ ಜಾಸ್ತಿ. ಮುಂಗಾಲೂರಿ ಓಡಿದರೆ ಮಂಡಿಗೆ ಕೊಂಚ ಹಗುರ, ಆದರೆ ಆ ಹೊರೆ ಪಾದದ ಕೀಲಿಗೆ, ಮೀನಖಂಡಕ್ಕೆ, ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಟೆಂಡನ್‌ಗೆ ಹೋಗುತ್ತದೆ. ಹಾಗಾಗಿ ‘ಹಿಮ್ಮಡಿ ಊರುವುದೇ ತಪ್ಪು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೋವಿಲ್ಲದೆ ಓಡುತ್ತಿದ್ದರೆ ಸುಮ್ನೆ ಶೈಲಿ ಬದಲಿಸಬೇಡಿ.

ಮಂಡಿ ಕಾಡುತ್ತಿದ್ದರೆ ಮೊದಲು ಒಂದು ವಿಡಿಯೊ ಮಾಡಿಸಿ. ಲಾಲ್‌ಬಾಗ್ ಬಂಡೆಯ ಇಳಿಜಾರು ಬೇಡ, ಸಮತಟ್ಟಾದ ಹಾದಿ ಇರಲಿ. ಹತ್ತು ನಿಮಿಷ ಓಡಿ ಮೈ ಬಿಸಿಯಾಗಲಿ. ಸ್ನೇಹಿತರೊಬ್ಬರು ಪಕ್ಕದಲ್ಲಿ ನಿಂತು, ಫೋನನ್ನು ಸೊಂಟದೆತ್ತರಕ್ಕೆ ಹಿಡಿದು ಸ್ಲೋ ಮೋಷನ್‌ನಲ್ಲಿ ತೆಗೆಯಲಿ. ಕ್ಯಾಮೆರಾ ಇದೆಯೆಂದು ಚೆಂದ ಮಾಡಿ ಓಡಬೇಡಿ, ದಿನದಂತೆ ಓಡಿ.

ಪಾದ ನೆಲ ಮುಟ್ಟುವ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ. ನೋಡಬೇಕಾದದ್ದು ಮಂಡಿಯನ್ನು. ಅದು ಸ್ವಲ್ಪ ಮಡಚಿದ್ದು, ಪಾದ ಹೆಚ್ಚುಕಡಿಮೆ ಅದರ ಕೆಳಗೇ ಇದ್ದರೆ ಒಳ್ಳೆಯದು. ಓಟದ ಪ್ರತಿ ಹೆಜ್ಜೆಗೂ ನೆಲದಿಂದ ಮೈತೂಕದ ಎರಡು–ಮೂರು ಪಟ್ಟು ಬಲ ಬರುತ್ತದೆ. ಮಂಡಿ ಮಡಚುತ್ತಲೇ ಅದನ್ನು ತಾಳಿಕೊಳ್ಳುತ್ತದೆ. ಕಾಲು ನೆಟ್ಟಗಾಗಿ, ಪಾದ ತೀರಾ ಮುಂದೆ ಬಿದ್ದಿದ್ದರೆ ಹೆಜ್ಜೆ ಉದ್ದವಾಗಿದೆ ಎಂದರ್ಥ. ಆಗ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತೆ.

ಇದನ್ನು ಸರಿಪಡಿಸಲು ಪಾದವನ್ನು ಬಲವಂತವಾಗಿ ತಿರುಗಿಸಬೇಕಿಲ್ಲ. ಹೆಜ್ಜೆ ಎಣಿಸಿ. 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ಬಿತ್ತೋ ಅದನ್ನು ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. 40 ಸಲ ಬಿದ್ದರೆ 160. ಅದಕ್ಕೆ ಶೇ 5 ಸೇರಿಸಿ, 168. ಫೋನ್‌ನಲ್ಲಿ ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೊನೋಮ್ ಆ್ಯಪ್‌ನಲ್ಲಿ ಆ ತಾಳ ಇಟ್ಟುಕೊಂಡು, ವೇಗ ಮಾತ್ರ ಹೆಚ್ಚಿಸದೆ ಓಡಿ. ಹೆಜ್ಜೆ ತಾನಾಗಿ ಗಿಡ್ಡವಾಗುತ್ತದೆ, ಪಾದ ಮೈಗೆ ಹತ್ತಿರ ಬೀಳುತ್ತದೆ, ಮಂಡಿ ಮತ್ತು ಸೊಂಟದ ಕೀಲಿನ ಹೊರೆ ಇಳಿಯುತ್ತದೆ. ನಿಮಿಷಕ್ಕೆ 180 ಹೆಜ್ಜೆಯೇ ಸರಿ ಎಂಬ ಮಾತು ಓಟಗಾರರಲ್ಲಿದೆ, ಆದರೆ ಎಲ್ಲರೂ ಅದನ್ನು ಮುಟ್ಟಲೇಬೇಕೆಂದಿಲ್ಲ. ಎತ್ತರ, ವೇಗ ಒಬ್ಬೊಬ್ಬರದು ಒಂದೊಂದು ಥರ ಅಲ್ವಾ?

ಮೊದಲು ಐದೈದು ನಿಮಿಷ ಸಾಕು, ವಾರ ಕಳೆದಂತೆ ಹೆಚ್ಚಿಸಿ. ಬೆಂಗಳೂರಿನ ವರ್ಲ್ಡ್ 10ಕೆ (10 ಕಿ.ಮೀ.) ಓಟಕ್ಕೆ ಹೆಸರು ಕೊಟ್ಟಿದ್ದರೆ, ಕೊನೆಯ ವಾರಗಳಲ್ಲಿ ಈ ಪ್ರಯೋಗ ಬೇಡ. ಕೆಲವು ವಾರದ ನಂತರ ಅದೇ ಜಾಗದಲ್ಲಿ, ಅದೇ ಶೂ ಹಾಕಿ, ಅದೇ ವೇಗದಲ್ಲಿ ಮತ್ತೆ ವಿಡಿಯೊ ತೆಗೆದು ಹೋಲಿಸಿ. ಮಂಡಿ ಊದಿಕೊಂಡರೆ ಅಥವಾ ನಡೆಯುವಾಗಲೂ ನೋವು ಬಂದರೆ ಓಟ ನಿಲ್ಲಿಸಿ, ವೈದ್ಯರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಿ. ಹೋಗುವಾಗ ಎರಡೂ ವಿಡಿಯೊ ಜೊತೆಗಿರಲಿ.