ಕೋಲ್ಕತ್ತದ ಒಂದು ಸ್ಮಶಾನ, ಒಂದು ತೋಟ

ಮೈಸೂರು ಸೀಮೆಯನ್ನು ಅಳೆದು, ಊರೂರಿನ ಕೈಫಿಯತ್ತುಗಳನ್ನು, ಎಂದರೆ ಸ್ಥಳೀಯ ಚರಿತ್ರೆಯ ದಾಖಲೆಗಳನ್ನು, ಬರೆಸಿ ಕೂಡಿಹಾಕಿದ ಕರ್ನಲ್ ಕಾಲಿನ್ ಮೆಕೆಂಜಿ 1821ರಲ್ಲಿ ತೀರಿಕೊಂಡು ಮಣ್ಣಾದದ್ದು ಕೋಲ್ಕತ್ತದಲ್ಲಿ ಎಂದು ಓದಿದ್ದರಿಂದ, ಡಿಸೆಂಬರಿನಲ್ಲಿ ಅಲ್ಲಿಗೆ ಹೋದಾಗ ನಾನು ಮೊದಲು ಹುಡುಕಿಕೊಂಡು ಹೊರಟದ್ದು ಪಾರ್ಕ್ ಸ್ಟ್ರೀಟಿನ ಹಳೆಯ ಸ್ಮಶಾನವನ್ನು. 1767ರಲ್ಲಿ ತೆರೆದ ಈ ಸ್ಮಶಾನದಿಂದಾಗಿ ಆ ಬೀದಿಗೆ ಬರಿಯಲ್ ಗ್ರೌಂಡ್ ರೋಡ್ ಎಂಬ ಹೆಸರಿತ್ತು; ಆಮೇಲೆ ನ್ಯಾಯಾಧೀಶ ಎಲೈಜಾ ಇಂಪಿಯ ಜಿಂಕೆವನದ ನೆಪದಲ್ಲಿ ಅದು ಪಾರ್ಕ್ ಸ್ಟ್ರೀಟ್ ಆಯಿತು.

ಬೆಳಿಗ್ಗೆಯೇ ಒಳಹೊಕ್ಕೆ. ಇಟ್ಟಿಗೆಗೆ ಗಾರೆ ಮೆತ್ತಿ ಕಟ್ಟಿದ ಗೋಪುರಗಳು, ಗುಮ್ಮಟಗಳು ಪಾಚಿ ಹಿಡಿದು ಮರಗಳ ನೆರಳಿನಲ್ಲಿ ಒತ್ತೊತ್ತಾಗಿ ನಿಂತಿವೆ. ಸವೆದ ಅಕ್ಷರಗಳಿಗೆ ನೇರವಾಗಿ ಟಾರ್ಚು ಬಿಟ್ಟರೆ ಏನೂ ಕಾಣಲಿಲ್ಲ. ಮೊಬೈಲನ್ನು ಕಲ್ಲಿಗೆ ತಾಗುವಂತೆ ಓರೆಯಾಗಿ ಹಿಡಿದಾಗ ಮಾತ್ರ ಗೆರೆಗಳಲ್ಲಿ ನೆರಳು ತುಂಬಿಕೊಂಡು ಹೆಸರುಗಳು ಮೇಲೆದ್ದವು. ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ ವಿದ್ವಾಂಸ ಸರ್ ವಿಲಿಯಂ ಜೋನ್ಸನ ಎತ್ತರದ ಸ್ತಂಭವನ್ನು ಯಾರೂ ತಪ್ಪಿಸಿಕೊಳ್ಳಲಾರರು, ಆದರೆ ನಾನು ಹೆಚ್ಚು ಹೊತ್ತು ನಿಂತದ್ದು 1828ರಲ್ಲಿ ಸತ್ತ ಚಾರ್ಲ್ಸ್ ಸ್ಟೂವರ್ಟನ ಸಮಾಧಿಯ ಮುಂದೆ. ದಿನವೂ ಗಂಗೆಯಲ್ಲಿ ಮೀಯುತ್ತಿದ್ದ ಈ ಸೇನಾಧಿಕಾರಿಯನ್ನು ಜನ ‘ಹಿಂದೂ ಸ್ಟೂವರ್ಟ್’ ಎಂದೇ ಕರೆಯುತ್ತಿದ್ದರು. ಸಮಾಧಿಯೂ ದೇವಸ್ಥಾನದ ಆಕಾರದಲ್ಲಿಯೇ ಇದೆ. ಇಪ್ಪತ್ತರ ಹರೆಯಕ್ಕೇ 1800ರಲ್ಲಿ ತೀರಿಕೊಂಡು, ಇಂಗ್ಲಿಷ್ ಕವಿ ಲ್ಯಾಂಡರನ ಕವಿತೆಯಿಂದ ಹೆಸರಾದ ರೋಸ್ ಐಲ್ಮರಳ ಸುರುಳಿ ಗೋಪುರವನ್ನೂ ನೋಡಿದೆ. ಮೆಕೆಂಜಿ ಮಾತ್ರ, ಮೂರು ಗಂಟೆ ಸುತ್ತಿದರೂ, ನನಗೆ ಸಿಗಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ, ನದಿಯಾಚೆ ಶಿಬ್‌ಪುರದ ಸಸ್ಯೋದ್ಯಾನಕ್ಕೆ ಹೊರಟದ್ದು ನನ್ನ ತಪ್ಪು. ನಮ್ಮಲ್ಲಿ ಚಳಿಗಾಲದಲ್ಲೂ ಆರರವರೆಗೆ ಬೆಳಕಿರುತ್ತದೆ. ಅಲ್ಲಿ ಐದಕ್ಕೆಲ್ಲ ಹೊತ್ತು ಮುಳುಗುತ್ತದೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ತಾಳೆಮರಗಳ ಸಾಲಿನಲ್ಲಿ ಅರ್ಧವನ್ನಷ್ಟೇ ನೋಡಿ ಹಿಂದಿರುಗಿ, ಮರುದಿನ ಬೆಳಿಗ್ಗೆ ಮತ್ತೆ ಹೋಗಬೇಕಾಯಿತು. ಅಲ್ಲಿನ ಮಹಾ ಆಲದ ಮರಕ್ಕೆ ಬುಡವೇ ಇಲ್ಲ. ಶಿಲೀಂಧ್ರ ತಗುಲಿ ಕೊಳೆತ ಮೂಲ ಕಾಂಡವನ್ನು 1925ರಲ್ಲಿ ಕಡಿದು ತೆಗೆದ ಮೇಲೆ, ಸಾವಿರಾರು ಬಿಳಲುಗಳೇ ಕಂಬಗಳಾಗಿ ಮರವನ್ನು ಹೊತ್ತಿವೆ. ಹೊರಗಿನಿಂದ ಸುತ್ತು ಹಾಕುವಾಗ ಇದು ಕಾಡೋ ಮರವೋ ಎಂದು ಎರಡು ಸಲ ಅನುಮಾನವಾಯಿತು.

ಆಲದಿಂದ ಹೊರಟು, 1787ರಲ್ಲಿ ತೋಟವನ್ನು ಸ್ಥಾಪಿಸಿದ ರಾಬರ್ಟ್ ಕಿಡ್‌ನ ಸ್ಮಾರಕವಾದ ಅಮೃತಶಿಲೆಯ ಕಲಶದ ಬಳಿ ಬಂದೆ. ಪಾದ್ರಿಯ ವಿಧಿಗಳಿಲ್ಲದೆ ತನ್ನ ತೋಟದಲ್ಲೇ ಹೂಳಬೇಕೆಂದು ಅವನು ಬಯಸಿದ್ದ. 1793ರಲ್ಲಿ ಸತ್ತಾಗ ಹೂತದ್ದು ಪಾರ್ಕ್ ಸ್ಟ್ರೀಟಿನಲ್ಲಿ. ಹಿಂದಿನ ದಿನ ಅವನ ಹೆಸರು ನನ್ನ ಪಟ್ಟಿಯಲ್ಲೇ ಇರಲಿಲ್ಲ. ರೈಲಿಗೆ ಇನ್ನೂ ನಾಲ್ಕು ಗಂಟೆಯಿದ್ದುದರಿಂದ ಎಸ್ಪ್ಲನೇಡ್ ಬಸ್ಸು ಹತ್ತಿ ಮತ್ತೆ ಸ್ಮಶಾನಕ್ಕೆ ಹೋದೆ.