ತೊದಲು ಮಾತನ್ನು ತಿದ್ದುವ ಮುಂಚೆ ಬರೆದಿಡಿ

ಮಗು ಮಾತು ಕಲಿಯುವ ಕಾಲ ಬಹಳ ಚಿಕ್ಕದು. ವರ್ಷ ತುಂಬುವ ಹೊತ್ತಿಗೆ ಮೊದಲ ಪದ, ಒಂದೂವರೆ ವರ್ಷದ ಆಸುಪಾಸಿನಲ್ಲಿ ದಿನಕ್ಕೊಂದು ಹೊಸ ಪದ, ಎರಡಕ್ಕೆ ‘ಅಮ್ಮ ಬಾ’, ‘ಇನ್ನೂ ಬೇಕು’ ಅಂತ ಪದಕ್ಕೆ ಪದ ಜೋಡಿಸುವ ಆಟ, ಮೂರು ಮುಟ್ಟುವಷ್ಟರಲ್ಲಿ ಮನೆಯವರಿಗೇ ಬುದ್ಧಿ ಹೇಳುವಷ್ಟು ಮಾತು. ಈ ನಡುವೆ ಅದು ಆಡುವ ಅರೆಬರೆ ಮಾತುಗಳಿವೆಯಲ್ಲ, ಅವು ಹೇಳದೆ ಕೇಳದೆ ಹೋಗಿಬಿಡುತ್ತವೆ. ನಿನ್ನೆಯವರೆಗೆ ‘ಲೈಲು’ ಅನ್ನುತ್ತಿದ್ದದ್ದು ಇವತ್ತು ‘ರೈಲು’ ಅಂದಿತು ಅಂತ ಎಲ್ಲರೂ ಸಂಭ್ರಮಪಡುತ್ತೇವೆ. ಆರು ತಿಂಗಳಾದ ಮೇಲೆ, ಮುಂಚೆ ಹೇಗೆ ಹೇಳುತ್ತಿತ್ತು ಅಂತ ಕೇಳಿ ನೋಡಿ, ಹೆತ್ತವಳಿಗೂ ನೆನಪಿರುವುದಿಲ್ಲ. ಅದಕ್ಕೇ ಬರೆದಿಡಬೇಕು ಅನ್ನುವುದು. ಬರೆಯುವುದಕ್ಕೂ ಒಂದು ಕ್ರಮ ಇದೆ.

ನಾನು ಸರ್ಕಾರಿ ಕೆಲಸದಲ್ಲಿ ಸ್ಟೆನೋ ಆಗಿದ್ದವಳು. ಎಂ.ಎಸ್. ಬಿಲ್ಡಿಂಗ್‌ನಲ್ಲಿ ಸಾಹೇಬರು ಹೇಳಿದ್ದನ್ನು ಹೇಳಿದ ಹಾಗೇ ಇಳಿಸಿಕೊಳ್ಳುವುದು ನನ್ನ ಕೆಲಸ. ನಾನು ಕಲಿತ ಪಿಟ್‌ಮನ್ ಶಾರ್ಟ್‌ಹ್ಯಾಂಡ್‌ನಲ್ಲಿ ಸ್ಪೆಲಿಂಗ್‌ಗೆ ಜಾಗವಿಲ್ಲ, ಕಿವಿಗೆ ಬಿದ್ದ ಸದ್ದೇ ಬರಹ. ಆ ಅಭ್ಯಾಸ ಈಗ ಮೊಮ್ಮಗಳು ಪುಟ್ಟಿಯ ಮಾತು ಹಿಡಿಯುವುದಕ್ಕೆ ಕೈಗೆ ಬಂದಿದೆ. ಮಗ ಸೊಸೆ ಇಬ್ಬರೂ ಬೆಳಗ್ಗೆಯೇ ಆಫೀಸಿಗೆ ಹೊರಡುವವರು. ಹನುಮಂತನಗರದ ಈ ಮನೆಯಲ್ಲಿ ಹಗಲೆಲ್ಲ ಅವಳ ಮಾತಿಗೆ ಕಿವಿಯಾಗುವವರು ನಾನು ಮತ್ತು ನಮ್ಮ ಯಜಮಾನರು.

ಮೊದಲು, ಎಲ್ಲಿ ಬರೆಯಬೇಕು? ಕೈಗೆ ಥಟ್ಟನೆ ಸಿಗುವ ಕಡೆ. ಅಂದದ ಡೈರಿ ತಂದು ಬೀರುವಿನಲ್ಲಿಟ್ಟರೆ ಅದು ಬೀರುವಿನಲ್ಲೇ ಉಳಿಯುತ್ತದೆ. ನಮ್ಮ ಅಡುಗೆಮನೆ ಬಾಗಿಲ ಪಕ್ಕ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತದೆ. ಹಾಲು ತಪ್ಪಿದ ದಿನ, ಸಿಲಿಂಡರ್ ಹಚ್ಚಿದ ದಿನ ಎಲ್ಲ ಅದರಲ್ಲೇ ಗುರುತು. ಅದೇ ಮೊಳೆಗೆ ದಾರ ಕಟ್ಟಿ ಒಂದು ಪೆನ್ಸಿಲ್ ಇಳಿಬಿಟ್ಟಿದ್ದೇನೆ. ಪುಟ್ಟಿ ಏನಾದರೂ ಅಂದಳೋ, ಒಗ್ಗರಣೆ ಇಳಿಸಿ ಆ ದಿನದ ಚೌಕದಲ್ಲಿ ಎರಡು ಪದ ಗೀಚುತ್ತೇನೆ. ರಾತ್ರಿ ಅವಳು ಮಲಗಿದ ಮೇಲೆ ನೋಟ್‌ಬುಕ್ಕಿಗೆ ಸರಿಯಾಗಿ ಇಳಿಸುತ್ತೇನೆ. ನಾಳೆ ಬರೆದರಾಯಿತು ಅಂತ ಬಿಡಬೇಡಿ. ರಾತ್ರಿ ಕಳೆದರೆ ಅರ್ಥ ಉಳಿದು ಮಾತು ಹೋಗಿರುತ್ತದೆ, ನಮಗೆ ಬೇಕಾದದ್ದು ಆ ಮಾತೇ.

ಫೋನಿನಲ್ಲಿ ವಿಡಿಯೋ ಮಾಡಿದರೆ ಸಾಲದೇ ಅಂತ ಸೊಸೆ ಕೇಳಿದ್ದಳು. ಫೋನ್ ಕಂಡ ತಕ್ಷಣ ಮಗು ಮಾತು ಬಿಟ್ಟು ಫೋನಿಗೆ ಕೈ ಚಾಚುತ್ತದೆ. ದನಿ ಉಳಿಸಿಕೊಳ್ಳಬೇಕು ಅನ್ನಿಸಿದರೆ ವಾಯ್ಸ್ ರೆಕಾರ್ಡರ್ ಹಾಕಿ ಶೆಲ್ಫ್ ಮೇಲೆ ಬೋರಲು ಇಟ್ಟುಬಿಡಿ. ಸ್ನಾನ ಮಾಡಿಸುವಾಗ, ಊಟ ಮಾಡಿಸುವಾಗ ಒಳ್ಳೆಯ ಮಾತು ಬೀಳುತ್ತವೆ. ಆದರೆ ಬರಹ ಮಾತ್ರ ಬೇಕೇ ಬೇಕು.

ಏನು ಬರೆಯಬೇಕು? ತಾರೀಖು, ಮಗುವಿನ ವಯಸ್ಸು, ಅದು ಆಡಿದ ಮಾತು, ಅದಕ್ಕೆ ಮುಂಚೆ ಏನು ನಡೆದಿತ್ತು, ಎದುರಿಗೆ ಯಾರಿದ್ದರು, ಆಮೇಲೆ ಏನಾಯಿತು. ಇದರಲ್ಲಿ ಜನ ಬಿಟ್ಟುಬಿಡುವುದು ‘ಮುಂಚೆ ಏನು ನಡೆದಿತ್ತು’ ಅನ್ನುವುದನ್ನು. ಅದಿಲ್ಲದಿದ್ದರೆ ಮಾತಿಗೆ ಪ್ರಾಣವೇ ಇರುವುದಿಲ್ಲ. ಒಂದು ಬೆಳಗ್ಗೆ ನಡೆದದ್ದು ಹೇಳುತ್ತೇನೆ. ಪುಟ್ಟಿ ತಾತನ ಪಂಚೆ ಹಿಡಿದು ‘ಇಲ್ಲಿ ಬೇಕು, ಇಲ್ಲಿ ಬೇಕು’ ಅಂತ ಶುರು ಮಾಡಿದಳು. ಇವರು ಅವಳ ಪುಟ್ಟ ಕುರ್ಚಿ ತಂದು ಅವಳು ನಿಂತಲ್ಲಿ ಹಾಕಿದರು. ಅಲ್ಲ. ಗೊಂಬೆ ತಂದಿಟ್ಟರು. ಅಲ್ಲ. ಕೊನೆಗೆ ಅವಳನ್ನೇ ಎತ್ತಿ ಅದೇ ಜಾಗದಲ್ಲಿ ಕೂರಿಸಿದರು. ಕಣ್ಣಲ್ಲಿ ನೀರು ತುಂಬಿಕೊಂಡು ‘ಇಲ್ಲೀ!’ ಅಂತ ಚೀರಿದಳು. ಅಷ್ಟರಲ್ಲಿ ನಾನು ಕುಕ್ಕರ್ ಮುಚ್ಚಳ ತೆಗೆದೆ, ಹಬೆ ಎದ್ದಿತು, ಬೆರಳು ನೇರ ಇಡ್ಲಿ ತಟ್ಟೆಯ ಕಡೆ ಹೋಯಿತು. ‘ಡ್ಲಿ’ ಅನ್ನುವ ಒತ್ತಕ್ಷರ ಆ ನಾಲಿಗೆಗೆ ಇನ್ನೂ ಬಂದಿರಲಿಲ್ಲ. ಈಗ ನೋಟ್‌ಬುಕ್ಕಿನಲ್ಲಿ ಬರೀ ‘ಇಲ್ಲಿ ಬೇಕು ಅಂದಳು’ ಅಂತ ಬರೆದಿದ್ದರೆ ಅದು ಯಾರಿಗೆ ಏನು ಹೇಳುತ್ತದೆ? ಕುರ್ಚಿ, ಗೊಂಬೆ, ಹಬೆ, ತಾತ ಎಲ್ಲ ಇರಬೇಕು.

ಮಾತನ್ನು ಬರೆಯುವಾಗ ಅಕ್ಷರ ತಿದ್ದಬಾರದು. ಆಡಿದ ಹಾಗೇ ಬರೆಯುವುದಕ್ಕೆ ನಮ್ಮ ಕನ್ನಡ ಲಿಪಿ ಹೇಳಿ ಮಾಡಿಸಿದ್ದು. ಚಪಾತಿಯನ್ನು ‘ಪಚಾತಿ’ ಅಂದರೆ ‘ಪಚಾತಿ’, ಬಕೆಟನ್ನು ‘ಕಬೆಟ್’ ಅಂದರೆ ‘ಕಬೆಟ್’, ಸೂರ್ಯನನ್ನು ‘ಸೂಯ್ಯ’ ಅಂದರೆ ‘ಸೂಯ್ಯ’. ತುಟಿ ಮುಚ್ಚಿ ತೆರೆದರೆ ಬರುವ ಪ, ಬ, ಮ ಮಕ್ಕಳಿಗೆ ಬೇಗ ಒಲಿಯುತ್ತವೆ. ರ, ಳ, ಒತ್ತಕ್ಷರಗಳು ತಡ. ಹಾಗಾಗಿ ‘ರ’ ಇರಬೇಕಾದ ಕಡೆ ‘ಲ’ ಅಥವಾ ‘ಯ’ ಕೇಳಿಸಿದರೆ ಗಾಬರಿ ಬೇಡ, ಬರೆದುಕೊಳ್ಳಿ. ಅದು ಸರಿಹೋದ ದಿನವನ್ನೂ ಅದೇ ಪದದ ಪಕ್ಕ ಬರೆಯಿರಿ.

ಇಂಥ ಟಿಪ್ಪಣಿ ಇಡುವುದು ಕೆಲಸವಿಲ್ಲದವರ ಕೆಲಸ ಅಂದುಕೊಳ್ಳುವವರಿಗೆ ಚಾರ್ಲ್ಸ್ ಡಾರ್ವಿನ್ ಹೆಸರು ಹೇಳುತ್ತೇನೆ. 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗನ ಬಗ್ಗೆ ಆತ ಡೈರಿ ಇಟ್ಟಿದ್ದ. 37 ವರ್ಷ ಕಳೆದ ಮೇಲೆ ಅದನ್ನೇ ತೆಗೆದು ನೋಡಿ 1877ರಲ್ಲಿ ಒಂದು ಲೇಖನ ಪ್ರಕಟಿಸಿದ. ವರ್ಷ ತುಂಬಿದ ಮಗು ಊಟಕ್ಕೆ ತಾನೇ ‘ಮಮ್’ ಅಂತ ಹೆಸರು ಕಟ್ಟಿಕೊಂಡಿತು ಅಂತ ಅದರಲ್ಲಿದೆ. ನಮ್ಮ ಮನೆಗಳಲ್ಲಿ ಮಕ್ಕಳು ‘ಮಮ್ಮು’ ಕೇಳುವುದನ್ನು ಕೇಳಿದವರಿಗೆ ಆ ಮಗು ಪಕ್ಕದ ಮನೆಯದೇ ಅನ್ನಿಸುತ್ತದೆ.

ಇನ್ನು ಮುಖ್ಯವಾದ ವಿಷಯ. ಮಗು ತಪ್ಪಾಗಿ ಹೇಳುವ ಕಡೆಯೇ ಅದರ ತಲೆ ಹೇಗೆ ಓಡುತ್ತಿದೆ ಅನ್ನುವುದು ಕಾಣುತ್ತದೆ. ಸರಿಯಾಗಿ ಹೇಳಿದ ಮಾತು ನಮ್ಮಿಂದ ಕೇಳಿ ಕಲಿತದ್ದಿರಬಹುದು, ತಪ್ಪಾಗಿ ಹೇಳಿದ್ದನ್ನು ಹೆಚ್ಚಾಗಿ ಅದೇ ಕಟ್ಟಿರುತ್ತದೆ. ಅಂಗಳದಲ್ಲಿ ಮುಗ್ಗರಿಸಿದ ಪುಟ್ಟಿ ‘ನಾನು ಬೀಳಿದೆ’ ಅಂದಳು. ಬಾಳೆಹಣ್ಣು ಮುಗಿಸಿ ‘ತಿನ್ನಿದೆ’, ಗೊಂಬೆ ಕೊಟ್ಟು ‘ಕೊಡಿದೆ’. ನಮ್ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಹಾಗಾದರೆ ಎಲ್ಲಿಂದ ಬಂತು? ಆಡು ಆಡಿದೆ, ಓಡು ಓಡಿದೆ, ಹಾಡು ಹಾಡಿದೆ ಅನ್ನುವುದನ್ನು ಕೇಳಿ ಕೇಳಿ ಅವಳೇ ಒಂದು ನಿಯಮ ಕಂಡುಕೊಂಡು ಕೊಡುವುದಕ್ಕೂ ಬೀಳುವುದಕ್ಕೂ ಹಚ್ಚಿದ್ದಾಳೆ. ವ್ಯಾಕರಣ ಯಾರೂ ಹೇಳಿಕೊಡದೆ ಎರಡೂವರೆ ವರ್ಷದ ಕೂಸು ಮಾಡುವ ಕೆಲಸ ಇದು! ಎಲ್ಲ ಭಾಷೆಯ ಮಕ್ಕಳೂ ಮಾಡುತ್ತಾರೆ. 1958ರಲ್ಲಿ ಜೀನ್ ಬರ್ಕೋ ಅನ್ನುವ ಭಾಷಾವಿಜ್ಞಾನಿ ಒಂದು ಗುಬ್ಬಚ್ಚಿಯಂಥ ಚಿತ್ರ ಬಿಡಿಸಿ, ಇದು ‘ವಗ್’ ಅಂತ ಇಲ್ಲದ ಹೆಸರು ಕೊಟ್ಟು, ಎರಡಿದ್ದರೆ ಏನನ್ನಬೇಕು ಅಂತ ಪುಟ್ಟ ಮಕ್ಕಳನ್ನು ಕೇಳಿದರು. ಎಂದೂ ಕೇಳಿರದ ಆ ಪದಕ್ಕೂ ಮಕ್ಕಳು ಬಹುವಚನ ಮಾಡಿ ಹೇಳಿದರು.

ಅದಕ್ಕೆ ‘ಬೀಳಿದೆ ಅಲ್ಲ, ಬಿದ್ದೆ ಅನ್ನು, ಅನ್ನು ನೋಡೋಣ’ ಅಂತ ಹಟ ಹಿಡಿಯಬೇಡಿ. ಮಗು ನೋವು ಹೇಳಿಕೊಳ್ಳಲು ಬಂದಿದೆ, ಪರೀಕ್ಷೆ ಬರೆಯಲು ಅಲ್ಲ. ‘ಅಯ್ಯೋ ಬಿದ್ಯಾ ಕಂದಾ? ಎಲ್ಲಿ ಬಿದ್ದೆ?’ ಅನ್ನಿ, ಸರಿಯಾದ ರೂಪ ತಾನಾಗಿ ಕಿವಿಗೆ ಬೀಳುತ್ತದೆ. ಪೆಟ್ಟಿಗೆ ಉಫ್ ಅಂದು ಆಮೇಲೆ ಪೆನ್ಸಿಲ್ ತೆಗೆದುಕೊಳ್ಳಿ.

ಯಾರು ಯಾರಿಗೆ ಹೇಗೆ ಮಾತಾಡಬೇಕು ಅನ್ನುವುದೂ ಮಕ್ಕಳಿಗೆ ಬಿಡಿಸಬೇಕಾದ ಗಂಟು. ಎತ್ತಿಕೊಳ್ಳಲಿ ಅಂತ ಎರಡು ಕೈ ಮೇಲೆತ್ತಿ ಪುಟ್ಟಿ ‘ಎತ್ಕೋತೀನಿ, ಎತ್ಕೋತೀನಿ’ ಅನ್ನುತ್ತಿದ್ದಳು. ಎತ್ತಿಕೊಳ್ಳುವಾಗ ನಾವು ‘ಬಾ, ಎತ್ಕೋತೀನಿ’ ಅನ್ನುತ್ತೇವಲ್ಲ, ಆ ಕೆಲಸಕ್ಕೆ ಅದೇ ಮಾತು ಅಂತ ಅವಳ ಲೆಕ್ಕ. ತಾತನಿಗೆ ‘ತಾತ ಬಂತು’. ಮನೆಗೆ ಬಂದವರನ್ನೆಲ್ಲ ನಾವು ಬಹುವಚನದಲ್ಲಿ ಕರೆಯುವುದನ್ನು ಕೇಳಿ, ಬೀದಿಯಲ್ಲಿ ಹಾಡು ಹಾಕಿಕೊಂಡು ಬರುವ ಗಾಡಿಗೆ ಮಾತ್ರ ‘ಕಸದ ಗಾಡಿ ಬಂದ್ರು!’ ಆ ಗೌರವ ಕೇಳಿ ಗಾಡಿಯವರು ದಿನಾ ಅವಳಿಗೆ ಕೈ ಬೀಸಿಯೇ ಮುಂದೆ ಹೋಗುತ್ತಾರೆ.

ಬೆಂಗಳೂರಿನ ಮಕ್ಕಳಿಗೆ ಇನ್ನೊಂದು ಸೊಗಸು, ಕಿವಿಗೆ ಬೀಳುವ ಭಾಷೆಗಳು. ಎದುರುಮನೆಯವರು ತಮಿಳು, ಮನೆಕೆಲಸಕ್ಕೆ ಬರುವ ಅಕ್ಕ ತೆಲುಗು, ಪಾರ್ಕಿನಲ್ಲಿ ಸಿಗುವ ಜೊತೆಗಾರ ಹಿಂದಿ, ಟೀವಿಯಲ್ಲಿ ಇಂಗ್ಲಿಷ್. ‘ಅಕ್ಕ, ತಣ್ಣಿ ಕೊಡು’ ಅಂತ ಕೇಳಿದರೆ ಮಗು ಗೊಂದಲಗೊಂಡಿದೆ ಅಂತಲ್ಲ. ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುತ್ತದೆ ಅನ್ನುವುದೂ ಸುಳ್ಳು. ಯಾವ ಪದ ಯಾರ ಹತ್ತಿರ ಬಳಸಿತು ಅಂತ ಬರೆದುಕೊಳ್ಳಿ. ಸ್ವಲ್ಪ ದಿನಕ್ಕೆ ಎದುರುಮನೆಯಲ್ಲಿ ತಣ್ಣಿ, ನಮ್ಮನೆಯಲ್ಲಿ ನೀರು ಅಂತ ತಾನೇ ಬೇರ್ಪಡಿಸುವುದು ಆ ಪುಟಗಳಲ್ಲಿ ನಿಮಗೇ ಕಾಣುತ್ತದೆ.

ಇರುವ ನಾಲ್ಕು ಪದದಲ್ಲೇ ಲೋಕವನ್ನೆಲ್ಲ ಹೇಳುವ ಕಾಲ ನನಗೆ ಎಲ್ಲಕ್ಕಿಂತ ಇಷ್ಟ. ಗಾಂಧಿ ಬಜಾರಿನಲ್ಲಿ ತಲೆ ನರೆತವರೆಲ್ಲ ತಾತ. ನಾಲ್ಕು ಕಾಲಿನದೆಲ್ಲ ಅಂಬಾ. ದೊಡ್ಡಬಸವಣ್ಣನ ಗುಡಿಗೆ ಕರೆದುಕೊಂಡು ಹೋದಾಗ ಸುಮಾರು 15 ಅಡಿ ಎತ್ತರದ ಆ ಕಲ್ಲಿನ ಬಸವನ ಎದುರು ತಲೆ ಎತ್ತಿ ಬಹಳ ಹೊತ್ತು ನಿಂತಿದ್ದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಪಿಸುಮಾತಿನಲ್ಲಿ ‘ಅಂಬಾ ತಾಚಿ?’ ಅಂದಳು. ಅಲ್ಲಾಡದೆ ಕೂತಿದೆ, ಮಲಗಿರಬೇಕು, ಎಚ್ಚರ ಮಾಡಬಾರದು ಅಂತ. ನೋಟ್‌ಬುಕ್ಕಿನಲ್ಲಿ ‘ಪಿಸುಮಾತಿನಲ್ಲಿ’ ಅನ್ನುವ ಪದವೂ ಇದೆ. ದನಿ ಹೇಗಿತ್ತು ಅಂತ ಬರೆಯುವುದನ್ನು ಮರೆಯಬೇಡಿ.

ಒಂದು ದಿನದ ಬರಹವನ್ನು ಇದ್ದ ಹಾಗೇ ಕೊಡುತ್ತೇನೆ, ಮಾದರಿಗೆ ಇರಲಿ:

‘ಎರಡು ವರ್ಷ ನಾಲ್ಕು ತಿಂಗಳು. ಸಂಜೆ. ಕರೆಂಟ್ ತಂತಿಗೆ ತಾಗುತ್ತೆ ಅಂತ ನಮ್ಮ ಬೀದಿಯ ಹೊಂಗೆ ಮರದ ಕೊಂಬೆ ಕಡಿದಿದ್ದಾರೆ. ಕಡಿದ ಜಾಗ ಬೆಳ್ಳಗಿದೆ. ಪುಟ್ಟಿ: ಮಲಕ್ಕೆ ಅಬ್ಬು. ನಾನು: ಹೌದು ಕಂದ, ಮರಕ್ಕೆ ಅಬ್ಬು ಆಗಿದೆ. ಪುಟ್ಟಿ: ಅಜ್ಜಿ ಉಫ್ ಮಾಡು. ಮಾಡಿದೆ. ಪುಟ್ಟಿ: ತಾತನೂ. ತಾತನೂ ಮಾಡಿದರು. ಮನೆಗೆ ಬಂದ ಮೇಲೆ ಮತ್ತೆ: ಮಲ ಅಳುತ್ತಾ?’

ಇದರಲ್ಲಿ ‘ಎಷ್ಟು ಮುದ್ದು’, ‘ಕಣ್ಣು ತುಂಬಿ ಬಂತು’ ಅಂತ ನಾನು ಏನೂ ಸೇರಿಸಿಲ್ಲ. ನೀವೂ ಸೇರಿಸಬೇಡಿ. ಓದಿದವರಿಗೆ ಅನ್ನಿಸುವುದು ಅನ್ನಿಸಿಯೇ ಅನ್ನಿಸುತ್ತದೆ.

ನೆಂಟರು ಬಂದಾಗ ‘ಅವತ್ತು ಹೇಳಿದ್ಯಲ್ಲ, ಅದನ್ನ ಹೇಳು ಪುಟ್ಟಿ’ ಅಂತ ಮಗುವನ್ನು ನಿಲ್ಲಿಸಿ ಹೇಳಿಸುವುದು ಬೇಡವೇ ಬೇಡ. ಎಲ್ಲರೂ ಗೊಳ್ಳಂತ ನಕ್ಕರೆ ಅದಕ್ಕೆ ಏನೋ ತಪ್ಪಾಯಿತು ಅನ್ನಿಸಿ ಬಾಯಿ ಕಟ್ಟಿಕೊಳ್ಳುತ್ತದೆ. ಇಲ್ಲವೇ ನಗಿಸುವುದಕ್ಕೇ ಬೇಕಂತಲೇ ಹಾಗೆ ಮಾತಾಡತೊಡಗುತ್ತದೆ, ಆ ಮಾತು ಬರೆಯಲು ಲಾಯಕ್ಕಿಲ್ಲ. ಹಾಗೆಯೇ ಬಚ್ಚಲುಮನೆಯ ಮಾತು, ಅಪ್ಪ ಅಮ್ಮನ ಜಗಳ ಕೇಳಿ ಆಡಿದ ಮಾತು ಇವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ನೋಟ್‌ಬುಕ್ ಮುಂದೆ ಆ ಮಗುವಿನ ಸ್ವತ್ತು. ಬೆಳೆದ ಮೇಲೆ ಯಾರಿಗೆ ತೋರಿಸಬೇಕು ಅನ್ನುವುದು ಅದಕ್ಕೆ ಬಿಟ್ಟದ್ದು.

ಈ ಬರಹ ಡಾಕ್ಟರ ಹತ್ತಿರವೂ ಉಪಯೋಗಕ್ಕೆ ಬರುತ್ತದೆ. 16 ತಿಂಗಳಾದರೂ ಒಂದು ಪದವೂ ಇಲ್ಲ, ಎರಡು ವರ್ಷಕ್ಕೂ ತಾನಾಗಿ ಎರಡು ಪದ ಜೋಡಿಸುತ್ತಿಲ್ಲ, ಅಥವಾ ಯಾವುದೇ ವಯಸ್ಸಿನಲ್ಲಿ ಆಡುತ್ತಿದ್ದ ಮಾತು ನಿಂತುಹೋಗಿದೆ ಅಂದರೆ ‘ಇವರಪ್ಪನೂ ತಡವಾಗಿಯೇ ಮಾತಾಡಿದ್ದು’ ಅಂತ ಕಾಯುತ್ತ ಕೂರಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಎಷ್ಟು ಪದ ಬರುತ್ತದೆ ಅಂತ ಅವರು ಕೇಳಿದಾಗ ನೆನಪಿನಿಂದ ಹೇಳುವುದಕ್ಕಿಂತ ಪಟ್ಟಿ ಮುಂದಿಟ್ಟರೆ ಅವರಿಗೂ ಅನುಕೂಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಮಾತು ಮತ್ತು ಕಿವಿಯ ತೊಂದರೆಗಳಿಗೆ, ಬೆಂಗಳೂರಿನವರಿಗೆ ಅದೇನು ದೂರವಲ್ಲ.

ಮನೆಯಲ್ಲಿ ಒಬ್ಬರೇ ಬರೆದರೆ ಸಾಲದು. ನಮ್ಮ ಮನೆಕೆಲಸದ ಅಕ್ಕನಿಗೆ ಬರೆಯಲು ಬರುವುದಿಲ್ಲ, ಆದರೆ ಪಾತ್ರೆ ತೊಳೆಯುವಾಗ ಪುಟ್ಟಿ ಅವರ ಹತ್ತಿರ ಆಡುವಷ್ಟು ಮಾತು ನನ್ನ ಹತ್ತಿರ ಆಡುವುದಿಲ್ಲ. ಹೋಗುವ ಮುಂಚೆ ಅವರು ಹೇಳುತ್ತಾರೆ, ನಾನು ಬರೆದುಕೊಂಡು ಯಾರು ಕೇಳಿದ್ದು ಅಂತ ಪಕ್ಕದಲ್ಲಿ ಹಾಕುತ್ತೇನೆ. ಬೆಳಗ್ಗೆ ಅಮ್ಮ ಹೊರಟ ಮೇಲೆ ಪುಟ್ಟಿ ಅಮ್ಮನ ಮನೆ ಚಪ್ಪಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ‘ಅಮ್ಮ ಬತ್ತಾಳೆ, ಅಳಬೇಡ’ ಅಂದದ್ದು ಅವರಿಂದಲೇ ನಮಗೆ ತಿಳಿದದ್ದು. ಅವತ್ತು ಸಂಜೆ ಸೊಸೆ ಬಂದವಳು ಬ್ಯಾಗ್ ಕೂಡ ಇಳಿಸದೆ ಆ ಪುಟ ಓದಿದಳು. ಕೆಲಸಕ್ಕೆ ಹೋಗುವ ತಾಯಿಗೆ ತಾನಿಲ್ಲದ ಹೊತ್ತಿನ ಮಾತು ಸಿಗುವುದು ಹೀಗೆ, ಆದ್ದರಿಂದ ಬರೆದದ್ದನ್ನು ದಿನಾ ಅವಳ ಕಣ್ಣಿಗೆ ಬೀಳುವ ಕಡೆ ಇಡಿ.

ಇವತ್ತೇ ಶುರು ಮಾಡುವುದಾದರೆ ಮೊದಲ ಪುಟದಲ್ಲಿ ಈಗ ಮಗುವಿಗೆ ಬರುವ ಪದಗಳನ್ನೆಲ್ಲ, ಅದು ಹೇಳುವ ಹಾಗೆ, ಒಂದೇ ಪಟ್ಟಿ ಮಾಡಿ. ತಿನ್ನುವುದು, ಜನ, ಪ್ರಾಣಿ, ಕೆಲಸ ಅಂತ ನೆನಪಿಸಿಕೊಂಡು ಬರೆದರೆ ಬಿಟ್ಟುಹೋಗುವುದಿಲ್ಲ. ತಿಂಗಳಿಗೊಮ್ಮೆ ಆ ತಿಂಗಳ ಪುಟಗಳ ಫೋಟೋ ತೆಗೆದು ಬೀಗರ ಮನೆಗೂ ಕಳಿಸಿ, ಅಲ್ಲಿನ ಅಜ್ಜಿಯ ಹತ್ತಿರ ಆಡಿದ ಮಾತು ಬೇರೆಯೇ ಇರುತ್ತವೆ, ಅವರಿಂದಲೂ ತರಿಸಿಕೊಳ್ಳಿ. ಮಗು ಆಗಲೇ ಮೂರು ದಾಟಿದ್ದರೆ ಹಳೆಯ ವಾಟ್ಸಾಪ್ ವಾಯ್ಸ್ ಮೆಸೇಜು, ಹುಟ್ಟುಹಬ್ಬದ ವಿಡಿಯೋ ಹಾಕಿ ಕೇಳುತ್ತ ಬರೆಯಿರಿ. ನೋಡಿಕೊಳ್ಳುತ್ತಿದ್ದ ಆಯಾ, ಕೆಳಗಿನ ಮನೆಯವರು, ಸೋದರತ್ತೆ, ಯಾರನ್ನು ಕೇಳಿದರೂ ಒಂದಲ್ಲ ಒಂದು ಮಾತು ಅವರ ಹತ್ತಿರ ಉಳಿದಿರುತ್ತದೆ.